ಸಸಿ ತಿಂದವರು ಯಾರು?

ಬೆಳಗಾಗುವಷ್ಟರಲ್ಲಿ ಹಿತ್ತಲಿನ ಅವರೆ ಸಸಿಯ ತುದಿ ಮಾಯ! ತಿಂದವರು ಯಾರು? ಉಳಿದ ಕಾಂಡವನ್ನೇ ನೋಡಿ.

ಮೊಲಕ್ಕೆ ಮೇಲೂ ಕೆಳಗೂ ಹರಿತ ಬಾಚಿಹಲ್ಲುಗಳಿವೆ. ಚಾಕುವಿನಿಂದ ಓರೆಯಾಗಿ ಕೊಯ್ದಂತೆ ಕತ್ತರಿಸುತ್ತದೆ. ಜಿಂಕೆ, ಚಿಂಕಾರಗಳಿಗೆ ಆಡಿನಂತೆಯೇ ಮೇಲ್ದವಡೆಯ ಮುಂಭಾಗದಲ್ಲಿ ಹಲ್ಲಿಲ್ಲ. ಕಚ್ಚಿ ಜಗ್ಗುವುದರಿಂದ ಕಾಂಡ ಎಳೆಎಳೆಯಾಗಿ ಹರಿಯುತ್ತದೆ.

ಮೊಲವಾದರೆ ಸಣ್ಣ ಕಣ್ಣಿನ ತಂತಿಬಲೆ ಸಾಕು. ನೆಲದಿಂದ ಎರಡೂವರೆ ಅಡಿ ಎತ್ತರವಿರಲಿ. ಅಡಿಯಲ್ಲಿ ತೋಡಿ ನುಸುಳದಂತೆ ಗೇಣುದ್ದ ಮಣ್ಣಿನಲ್ಲಿ ಹೂಳಿರಿ. ಜಿಗಿಯುವ ಚಿಂಕಾರಕ್ಕೆ ಆಳೆತ್ತರದ ಬೇಲಿಯೇ ಬೇಕು.

ಉರುಲು, ವಿಷ ಮಾತ್ರ ಬೇಡ. ಗಲಗಲಿಗೆ ಸಮೀಪದ ಬೀಳಗಿ, ಮುಧೋಳ ಸೀಮೆಯ ಯಡಹಳ್ಳಿ ಕಾಡು 2016ರಲ್ಲಿ ಚಿಂಕಾರ ವನ್ಯಧಾಮವಾಯಿತು. 1972ರ ವನ್ಯಜೀವಿ ಕಾಯ್ದೆ ಚಿಂಕಾರ, ಕಾಡುಮೊಲ ಎರಡಕ್ಕೂ ರಕ್ಷಣೆ ನೀಡಿದೆ. ಕಡಿದ ಅವರೆ ಮತ್ತೆ ಚಿಗುರೀತು; ಉರುಲಿಗೆ ಬಿದ್ದ ಚಿಂಕಾರ ಮರಳಿ ಬಾರದು.