ಹದಿಹರೆಯದವರೂ ಸಾರ್ವಜನಿಕ ಗ್ರಂಥಾಲಯವೂ

ದೇಶ ಸುತ್ತಬೇಕು, ಕೋಶ ಓದಬೇಕು ಎಂಬುದು ನಮ್ಮ ಹಿರಿಯರ ಅನುಭವದ ಮಾತು. ದೇಶ ಸುತ್ತುವುದಕ್ಕೆ ಹಣವೂ ಅನುಕೂಲವೂ ಬೇಕು. ಕೋಶ ಓದುವುದಕ್ಕೆ ತೆರೆದ ಬಾಗಿಲು, ಸಾಕಷ್ಟು ಬೆಳಕು, ಕುಳಿತುಕೊಳ್ಳಲು ಒಂದಿಷ್ಟು ಸ್ಥಳ ಇವಿಷ್ಟಿದ್ದರೆ ಸಾಕು. ಬಡವನ ಮಗನಿಗೂ ಸಿರಿವಂತನ ಮಗಳಿಗೂ ಯಾವ ಭೇದವನ್ನೂ ಎಣಿಸದೆ ಇವನ್ನು ಒದಗಿಸುವುದಕ್ಕಾಗಿಯೇ ಸಾರ್ವಜನಿಕ ಗ್ರಂಥಾಲಯಗಳು ಸ್ಥಾಪಿತವಾಗಿವೆ. ಆದರೆ ಹದಿಮೂರರಿಂದ ಹದಿನೆಂಟು ವರ್ಷದೊಳಗಿನ ನಮ್ಮ ಮಕ್ಕಳಿಗೆ ಆ ಗ್ರಂಥಾಲಯಗಳಲ್ಲಿ ದೊರೆಯುತ್ತಿರುವ ಸ್ಥಾನವೆಂಥದು? ಅಧ್ಯಾಪಕರೂ ಹಳೆಯ ವಿದ್ಯಾರ್ಥಿಗಳೂ ದಾನಿಗಳೂ ಓದುವ ಈ ಸಂಚಿಕೆಯಲ್ಲಿ ಆ ಪ್ರಶ್ನೆಯನ್ನು ಎತ್ತುವುದು ಉಚಿತವೆಂದು ನಾನು ಭಾವಿಸಿದ್ದೇನೆ.

ನಮ್ಮ ನಾಡಿನಲ್ಲಿ ಗ್ರಂಥಾಲಯದ ವ್ಯವಸ್ಥೆ ಇಂದು ನಿನ್ನೆಯದಲ್ಲ. ಬೆಂಗಳೂರಿನ ಕಬ್ಬನ್ ಉದ್ಯಾನದ ಶೇಷಾದ್ರಿ ಅಯ್ಯರ್ ಸ್ಮಾರಕ ಭವನವು ನಿರ್ಮಾಣವಾದುದು ೧೯೧೫ರಲ್ಲಿ. ಇಂದಿಗೂ ರಾಜ್ಯ ಕೇಂದ್ರ ಗ್ರಂಥಾಲಯ ಅಲ್ಲಿಯೇ ಇದೆ. ೧೯೬೫ರಲ್ಲಿ ಸಾರ್ವಜನಿಕ ಗ್ರಂಥಾಲಯಗಳ ಅಧಿನಿಯಮ ರಚಿತವಾಯಿತು. ಮರುವರ್ಷವೇ ಅದಕ್ಕಾಗಿ ಪ್ರತ್ಯೇಕ ಇಲಾಖೆ ಅಸ್ತಿತ್ವಕ್ಕೆ ಬಂದಿತು. ಈ ಅಧಿನಿಯಮದ ಪ್ರಕಾರ ಆಸ್ತಿ ತೆರಿಗೆಯೊಡನೆ ಗ್ರಂಥಾಲಯ ಕರವನ್ನೂ ವಸೂಲು ಮಾಡಲಾಗುತ್ತದೆ. ಎಂದರೆ, ಮನೆಯ ಕಂದಾಯ ಕಟ್ಟುವ ಗೃಹಸ್ಥನು ತಿಳಿದೋ ತಿಳಿಯದೆಯೋ ಪುಸ್ತಕಕ್ಕಾಗಿಯೂ ಹಣ ಸಲ್ಲಿಸುತ್ತಿದ್ದಾನೆ. ಆದುದರಿಂದ ಗ್ರಂಥಾಲಯವೆಂಬುದು ಯಾರೋ ನೀಡಿದ ಭಿಕ್ಷೆಯಲ್ಲ. ಆ ಗೃಹಸ್ಥನ ಮನೆಯ ಹದಿನೈದು ವರ್ಷದ ಮಗನಿಗೂ ಮಗಳಿಗೂ ಅದರಲ್ಲಿ ಹಕ್ಕಿದೆ.

ಹಕ್ಕಿರುವ ಆ ಮಗು ಒಳಗೆ ಕಾಲಿಟ್ಟಾಗ ಏನನ್ನು ಕಾಣುತ್ತದೆ? ಒಂದು ಮೂಲೆಯಲ್ಲಿ ಚಿಕ್ಕಮಕ್ಕಳ ಚಿತ್ರಪುಸ್ತಕಗಳು. ನಡುವಿನ ಮೇಜಿನ ಸುತ್ತ ವೃತ್ತಪತ್ರಿಕೆ ಓದುವ ಹಿರಿಯರು. ಗೋಡೆಯ ಬದಿಯಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಸಿದ್ಧರಾಗುತ್ತಿರುವ ಪದವೀಧರರು. ಇವರೆಲ್ಲರೂ ಅಲ್ಲಿರುವುದು ಸಹಜ, ನ್ಯಾಯ. ಆದರೆ ಎಂಟನೆಯ ತರಗತಿಯಿಂದ ಪದವಿಪೂರ್ವ ತರಗತಿಯವರೆಗಿನ ವಿದ್ಯಾರ್ಥಿಗೆ ಮೇಜಿಲ್ಲ, ಕಪಾಟಿಲ್ಲ, ನಿನಗೇನು ಬೇಕು ಎಂದು ಕೇಳುವವರಿಲ್ಲ. ಚಿತ್ರಪುಸ್ತಕ ಹಿಡಿಯಲು ಅವನಿಗೆ ನಾಚಿಕೆ. ಪ್ರೌಢಗ್ರಂಥಕ್ಕೆ ಕೈಹಾಕಲು ಅಂಜಿಕೆ. ಎರಡು ದಿನ ಬಂದು ಮೂರನೆಯ ದಿನ ಅವನು ಬಾರದಿದ್ದರೆ, ಈಗಿನ ಹುಡುಗರಿಗೆ ಓದುವ ಆಸಕ್ತಿಯೇ ಇಲ್ಲವೆಂದು ನಾವು ತೀರ್ಪು ಕೊಟ್ಟುಬಿಡುತ್ತೇವೆ. ಉಣಬಡಿಸದೆ ಹಸಿವಿಲ್ಲವೆಂದು ಹೇಳುವುದು ಯಾವ ನ್ಯಾಯ?

ಈ ವಯಸ್ಸಿನ ಮಹತ್ವವನ್ನು ಅಧ್ಯಾಪಕರಿಗೆ ವಿವರಿಸಿ ಹೇಳಬೇಕಾಗಿಲ್ಲ. ದೇಹ ಬದಲಾಗುತ್ತದೆ, ಮನಸ್ಸು ಪ್ರಶ್ನಿಸಲು ತೊಡಗುತ್ತದೆ. ತಂದೆಯನ್ನು ಕೇಳಲು ಭಯ, ಗುರುಗಳನ್ನು ಕೇಳಲು ಸಂಕೋಚ. ಅಂಥ ಹೊತ್ತಿನಲ್ಲಿ ಗದರದೆ, ಹಂಗಿಸದೆ ಉತ್ತರ ಹೇಳಬಲ್ಲ ಗೆಳೆಯನೆಂದರೆ ಒಳ್ಳೆಯ ಪುಸ್ತಕ. ಆ ಗೆಳೆಯ ದೊರೆಯದಿದ್ದರೆ ಅಂಗೈಯಲ್ಲಿರುವ ಮೊಬೈಲು ಉತ್ತರ ಹೇಳುತ್ತದೆ. ಅದು ಹೇಳುವುದೆಲ್ಲ ಸುಳ್ಳೆಂದು ನಾನು ವಾದಿಸುವುದಿಲ್ಲ. ಆದರೆ ಯಾವುದು ನಿಜ, ಯಾವುದು ಸುಳ್ಳು ಎಂದು ತೂಗಿ ನೋಡುವ ವಿವೇಕವನ್ನು ಅದು ತಾನಾಗಿ ಕಲಿಸುವುದಿಲ್ಲ. ಆ ವಿವೇಕ ಹುಟ್ಟುವುದು ನಿಧಾನವಾದ ಓದಿನಿಂದ.

ಈ ವಯಸ್ಸಿಗೆ ತಕ್ಕ ಪುಸ್ತಕಗಳು ಕನ್ನಡದಲ್ಲಿ ಎಲ್ಲಿವೆ ಎಂದು ಕೇಳುವವರುಂಟು. ಶಿವರಾಮ ಕಾರಂತರು ೧೯೩೬ರಷ್ಟು ಹಿಂದೆಯೇ 'ಬಾಲ ಪ್ರಪಂಚ'ದ ಮೂರು ಸಂಪುಟಗಳನ್ನು ಹೊರತಂದರು. ನಿರಂಜನರ ಸಂಪಾದಕತ್ವದಲ್ಲಿ 'ಜ್ಞಾನಗಂಗೋತ್ರಿ' ಎಂಬ ಕಿರಿಯರ ವಿಶ್ವಕೋಶ ಏಳು ಸಂಪುಟಗಳಲ್ಲಿ ಸಿದ್ಧವಾಯಿತು. ಸಸ್ಯಶಾಸ್ತ್ರವನ್ನು ಪ್ರವಾಸದ ಕಥೆಯಂತೆ ಹೇಳಿದ ಬಿ. ಜಿ. ಎಲ್. ಸ್ವಾಮಿಯವರ 'ಹಸುರು ಹೊನ್ನು' ೧೯೭೮ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆಯಿತು. ಹಾರುವ ಓತಿಯನ್ನರಸಿ ಕಾಡು ಹೊಗುವ ತೇಜಸ್ವಿಯವರ 'ಕರ್ವಾಲೊ' ೧೯೮೦ರದು. ಅದನ್ನು ಕೈಗೆತ್ತಿಕೊಂಡ ಹುಡುಗ ಮುಗಿಸದೆ ಕೆಳಗಿಡಲಾರ. ಮಹಾತ್ಮರ ಬಾಳನ್ನು ಎಳೆಯರಿಗಾಗಿ ನಿರೂಪಿಸಿದ ಬೊಳುವಾರು ಮಹಮದ್ ಕುಂಞಿಯವರ ಕೃತಿಗೆ ೨೦೧೦ರಲ್ಲಿ ಅಕಾಡೆಮಿಯ ಬಾಲಸಾಹಿತ್ಯ ಪುರಸ್ಕಾರ ದೊರೆಯಿತು. ಪುಸ್ತಕಗಳಿಲ್ಲವೆಂಬುದು ನಿಜವಲ್ಲ, ಅವು ಓದಬೇಕಾದವರ ಕೈಗೆ ತಲುಪುತ್ತಿಲ್ಲವೆಂಬುದೇ ನಿಜ.

ತಲುಪದಿರುವುದಕ್ಕೆ ಮುಖ್ಯ ಕಾರಣ ನಮ್ಮ ಬೀಗದ ಮೋಹ. ಲೆಕ್ಕ ತಪಾಸಣೆಯಲ್ಲಿ ಒಂದು ಪುಸ್ತಕ ಕಡಿಮೆ ಬಂದರೆ ಹೊಣೆಗಾರನು ತನ್ನ ಕೈಯಿಂದ ಹಣ ತೆರಬೇಕಾದೀತೆಂಬ ಅಂಜಿಕೆಯಿಂದ ಎಷ್ಟೋ ಕಡೆ ಕಪಾಟುಗಳಿಗೆ ಬೀಗ ಬಿದ್ದಿದೆ. ಗಾಜಿನಾಚೆ ಪುಸ್ತಕದ ಬೆನ್ನನ್ನು ಮಾತ್ರ ಕಾಣುವ ಬಾಲಕನಿಗೆ ಅದರ ಒಳಗೇನಿದೆ ಎಂದು ತಿಳಿಯುವ ಬಗೆ ಯಾವುದು? ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹರೆನಿಸಿ, ೧೯೬೨ರಲ್ಲಿ ಬೆಂಗಳೂರಿನಲ್ಲಿ ಒಂದು ತರಬೇತಿ ಕೇಂದ್ರವನ್ನು ಸ್ಥಾಪಿಸಿ, ಅದೇ ನಗರದಲ್ಲಿ ೧೯೭೨ರಲ್ಲಿ ನಿಧನರಾದ ಎಸ್. ಆರ್. ರಂಗನಾಥನ್ ಅವರು ೧೯೩೧ರಲ್ಲಿಯೇ ಗ್ರಂಥಾಲಯದ ಐದು ಸೂತ್ರಗಳನ್ನು ಪ್ರತಿಪಾದಿಸಿದ್ದರು. ಪುಸ್ತಕವು ಕಾಪಿಡುವ ಒಡವೆಯಲ್ಲ, ಓದುಗನು ತಾನೇ ಕೈಯಿಕ್ಕಿ ಆರಿಸಿಕೊಳ್ಳುವಂತೆ ಕಪಾಟು ತೆರೆದಿರಬೇಕು ಎಂಬುದು ಅವುಗಳ ಒಟ್ಟು ಆಶಯಕ್ಕೆ ಸೇರಿದುದು.

ಈ ಮಾತಿಗೆ ನಮ್ಮ ನಾಡಿನಲ್ಲಿಯೇ ಒಂದು ಉಜ್ಜ್ವಲ ನಿದರ್ಶನವಿದೆ. ಮನೆಮನೆಗಳ ಜಗುಲಿಯ ಮೇಲೆ ವಸ್ತ್ರದಲ್ಲಿ ಸುತ್ತಿಟ್ಟು ಪೂಜೆಗೊಳ್ಳುತ್ತಿದ್ದ ತಾಡವೋಲೆಗಳನ್ನು ಫ. ಗು. ಹಳಕಟ್ಟಿಯವರು ಊರೂರು ತಿರುಗಿ ಸಂಗ್ರಹಿಸಿದರು. ೧೯೨೩ರಲ್ಲಿ 'ವಚನಶಾಸ್ತ್ರ ಸಾರ'ದ ಮೊದಲ ಭಾಗವನ್ನು ಪ್ರಕಟಿಸಿದರು. ಓಲೆಗಳ ಮೇಲಿನ ಭಕ್ತಿ ಜನರಲ್ಲಿ ಮೊದಲೂ ಇದ್ದಿತು. ಅವರು ಕೊಟ್ಟುದು ಓದುವ ಅವಕಾಶವನ್ನು. ಆ ಕಟ್ಟುಗಳು ಬಿಚ್ಚದೆ ಉಳಿದಿದ್ದರೆ ಇಂದು ನಮ್ಮ ಮಕ್ಕಳ ಪಠ್ಯದಲ್ಲಿ ವಚನಗಳು ಎಷ್ಟಿರುತ್ತಿದ್ದವು ಎಂಬುದನ್ನು ಯೋಚಿಸಬೇಕು. ಗಾಜಿನ ಕಪಾಟಿನ ಪುಸ್ತಕಕ್ಕೂ ಜಗುಲಿಯ ಓಲೆಗಟ್ಟಿಗೂ ಹೆಚ್ಚಿನ ಅಂತರವಿಲ್ಲ.

ಸರ್ಕಾರ ಏನನ್ನೂ ಮಾಡಿಲ್ಲವೆಂದರೆ ಅಪಚಾರವಾದೀತು. ೨೦೧೯ರಲ್ಲಿ ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಆಡಳಿತಕ್ಕೆ ಬಂದವು. ೨೦೨೦ರಲ್ಲಿ 'ಓದುವ ಬೆಳಕು' ಕಾರ್ಯಕ್ರಮದ ಮೂಲಕ ಗ್ರಾಮದ ಮಕ್ಕಳಿಗೆ ಉಚಿತ ಸದಸ್ಯತ್ವ ನೀಡುವ ಕೆಲಸ ಆರಂಭವಾಯಿತು. ಅದೇ ವರ್ಷ ಸಾರ್ವಜನಿಕ ಗ್ರಂಥಾಲಯ ಇಲಾಖೆಯ ಡಿಜಿಟಲ್ ಗ್ರಂಥಾಲಯವೂ ಎಲ್ಲರಿಗೂ ತೆರೆಯಿತು. ಪಂಚಾಯಿತಿಯ ಗ್ರಂಥಾಲಯಗಳೀಗ 'ಅರಿವು ಕೇಂದ್ರ'ಗಳೆಂಬ ಹೆಸರನ್ನು ಧರಿಸಿವೆ. ಇವೆಲ್ಲವೂ ಸ್ತುತ್ಯವಾದ ಕಾರ್ಯಗಳು. ಆದರೆ ಸದಸ್ಯತ್ವದ ಚೀಟಿ ಕೈಗೆ ಬಂದ ಮಾತ್ರಕ್ಕೆ ಓದುಗ ಹುಟ್ಟುವುದಿಲ್ಲ. ಈ ಹುಡುಗನಿಗೆ ಈ ಪುಸ್ತಕ ಎಂದು ಗುರುತಿಸಿ ಕೊಡುವ ಒಬ್ಬ ಮನುಷ್ಯ ಅಲ್ಲಿರಬೇಕು. ಅಲ್ಪ ಗೌರವಧನದಲ್ಲಿ ದುಡಿಯುವ ಮೇಲ್ವಿಚಾರಕನೊಬ್ಬನ ಮೇಲೆಯೇ ಆ ಭಾರವನ್ನೆಲ್ಲ ಹೊರಿಸುವುದು ಧರ್ಮವಲ್ಲ. ಇಲ್ಲಿ ಅಧ್ಯಾಪಕರ ನೆರವು ಅತ್ಯವಶ್ಯ.

ನನ್ನ ಅಲ್ಪಮತಿಗೆ ತೋರುವ ಕೆಲವು ಕಾರ್ಯಗಳನ್ನು ಸೂಚಿಸುತ್ತೇನೆ. ಮೊದಲನೆಯದಾಗಿ, ಪ್ರತಿಯೊಂದು ಗ್ರಂಥಾಲಯದಲ್ಲಿಯೂ ಹದಿಹರೆಯದವರಿಗೆ ಬೀಗವಿಲ್ಲದ ಒಂದು ಕಪಾಟೂ ಒಂದು ಮೇಜೂ ಪ್ರತ್ಯೇಕವಾಗಿರಲಿ. ತಮಗೆ ಬೇಕಾದ ಪುಸ್ತಕದ ಹೆಸರನ್ನು ಅವರೇ ಬರೆಯುವ ಒಂದು ವಹಿ ಅಲ್ಲಿರಲಿ. ಎರಡನೆಯದಾಗಿ, ವಾರಕ್ಕೊಂದು ಸಂಜೆ ಒಬ್ಬ ವಿದ್ಯಾರ್ಥಿ ತಾನೋದಿದ ಪುಸ್ತಕವನ್ನು ಕುರಿತು ಹತ್ತು ನಿಮಿಷ ಮಾತನಾಡಲಿ; ಉಳಿದವರು ಪ್ರಶ್ನೆ ಕೇಳಲಿ. ಮೂರನೆಯದಾಗಿ, ನಿಘಂಟು ನೋಡುವುದನ್ನು ಕಲಿಸಬೇಕು. ೧೮೯೪ರ ಕಿಟ್ಟೆಲ್ ಕೋಶವಾಗಲಿ, ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟಾಗಲಿ ಒಮ್ಮೆಯೂ ತೆರೆಯದೆ ಪದವಿ ಮುಗಿಸುವವರು ಅನೇಕರಿದ್ದಾರೆ. ಕನ್ನಡ ಪಂಡಿತನಾದ ನನಗೆ ಇದು ಸಹಿಸಲಾರದ ಸಂಗತಿ. ನಾಲ್ಕನೆಯದಾಗಿ, ಊರಿನ ಶಾಸನ, ಕೆರೆಕಟ್ಟೆಗಳ ಇತಿಹಾಸ, ಅಜ್ಜಿಯರು ಬಲ್ಲ ಹಾಡುಗಳು ಇವನ್ನು ಹುಡುಗರಿಂದಲೇ ಬರೆಯಿಸಿ ಕೈಬರಹದ ಪತ್ರಿಕೆಯೊಂದನ್ನು ಗ್ರಂಥಾಲಯದಲ್ಲಿಡಬೇಕು. ತಾನು ಬರೆದುದು ಇರುವ ಸ್ಥಳಕ್ಕೆ ಹುಡುಗ ಮತ್ತೆ ಮತ್ತೆ ಬರುತ್ತಾನೆ.

ಹೆಣ್ಣುಮಕ್ಕಳ ವಿಷಯವನ್ನು ಪ್ರತ್ಯೇಕವಾಗಿ ಹೇಳಬೇಕಾಗಿದೆ. ಐದನೆಯ ತರಗತಿಯವರೆಗೆ ಗ್ರಂಥಾಲಯಕ್ಕೆ ಬರುತ್ತಿದ್ದ ಬಾಲಕಿ ಪ್ರೌಢಶಾಲೆ ಸೇರಿದೊಡನೆ ಬರುವುದನ್ನು ನಿಲ್ಲಿಸುತ್ತಾಳೆ. ಅವಳಲ್ಲಿ ಆಸಕ್ತಿ ಕುಂದಿತೆಂದಲ್ಲ. ಕತ್ತಲಾಗುವ ಹೊತ್ತು, ಗಂಡಸರೇ ತುಂಬಿರುವ ಕೊಠಡಿ, ಶೌಚಾಲಯದ ಕೊರತೆ ಇವು ತಡೆಯುತ್ತವೆ. ಶಾಲೆ ಬಿಟ್ಟ ಕೂಡಲೆ ಒಂದು ಗಂಟೆಯ ಕಾಲವನ್ನು ವಿದ್ಯಾರ್ಥಿನಿಯರಿಗಾಗಿ ಮೀಸಲಿರಿಸಿ, ಅಧ್ಯಾಪಿಕೆಯೊಬ್ಬರು ಜೊತೆಗಿದ್ದರೆ ತಾಯ್ತಂದೆಯರೂ ನಿಶ್ಚಿಂತರಾಗಿ ಕಳುಹಿಸುತ್ತಾರೆ. ಇದಕ್ಕೆ ತಗಲುವ ವೆಚ್ಚ ಅತ್ಯಲ್ಪ.

ಪರೀಕ್ಷೆಯ ಅಂಕಗಳಿಗೆ ಇದರಿಂದ ಹಾನಿಯಾದೀತೆಂದು ಪಾಲಕರು ಶಂಕಿಸುವುದುಂಟು. ಪಠ್ಯವನ್ನಷ್ಟೇ ಕಂಠಪಾಠ ಮಾಡಿದವನು ತಿರುಗಿಸಿ ಕೇಳಿದ ಪ್ರಶ್ನೆಗೆ ತಡವರಿಸುತ್ತಾನೆ. ವಿಸ್ತಾರವಾಗಿ ಓದಿದವನಿಗೆ ಭಾಷೆ ಕೈವಶವಾಗಿರುತ್ತದೆ. ತರಗತಿಯಲ್ಲಿ ಇದನ್ನು ಕಾಣದ ಅಧ್ಯಾಪಕರಿರಲಾರರು.

ಕೊನೆಯದಾಗಿ ದಾನಿಗಳಲ್ಲಿಯೂ ಹಳೆಯ ವಿದ್ಯಾರ್ಥಿಗಳಲ್ಲಿಯೂ ಒಂದು ವಿನಂತಿ. ತಾವು ಕೊಠಡಿ ಕಟ್ಟಿಸಿದ್ದೀರಿ, ಪೀಠೋಪಕರಣ ಕೊಟ್ಟಿದ್ದೀರಿ. ಸಂಸ್ಥೆ ಅದಕ್ಕೆ ಋಣಿಯಾಗಿದೆ. ಇನ್ನು ಮುಂದೆ ಆ ಕೊಠಡಿಯಲ್ಲಿ ಸಂಜೆ ಕುಳಿತು ಪುಸ್ತಕ ಕೊಡುವ ವ್ಯಕ್ತಿಯ ವೇತನಕ್ಕೂ ಒಂದು ನಿಧಿಯನ್ನಿಡಿರಿ. ಹಲವು ಪಂಚಾಯಿತಿಗಳಲ್ಲಿ 'ಪುಸ್ತಕ ಜೋಳಿಗೆ' ಎಂಬ ಹೆಸರಿನಿಂದ ಗ್ರಂಥಸಂಗ್ರಹ ನಡೆದಿದೆ. ಜೋಳಿಗೆಯ ಅರ್ಥ ಮಠದ ಶಾಲೆಯಲ್ಲಿ ಕಲಿತವರಿಗೆ ಹೊಸದಲ್ಲ. ಆದರೆ ಮನೆಯಲ್ಲಿ ಬೇಡವಾದ ಹಳೆಯ ಗೈಡುಗಳನ್ನು ಅದರಲ್ಲಿ ಹಾಕಬೇಡಿರಿ. ತಮ್ಮ ಮಕ್ಕಳಿಗೆ ಕೊಳ್ಳುವಂಥ ಪುಸ್ತಕವನ್ನೇ ಹಾಕಿರಿ. ನಮ್ಮ ಶಾಲೆಯ ಗ್ರಂಥಭಂಡಾರವನ್ನೂ ರಜಾದಿನಗಳಲ್ಲಿ ಊರಿನ ಎಲ್ಲ ಹದಿಹರೆಯದವರಿಗೆ, ಅವರು ಯಾವ ಶಾಲೆಯವರೇ ಆಗಿರಲಿ, ಶಾಲೆ ಬಿಟ್ಟವರೇ ಆಗಿರಲಿ, ತೆರೆಯಬೇಕೆಂದು ಆಡಳಿತ ಮಂಡಳಿಯನ್ನು ಪ್ರಾರ್ಥಿಸುತ್ತೇನೆ. ಕೆಲವು ಪುಸ್ತಕಗಳು ಕಳೆಯಬಹುದು, ಕೆಲವು ಹರಿಯಬಹುದು. ಆ ನಷ್ಟವನ್ನು ತುಂಬಿಕೊಳ್ಳಬಹುದು. ಓದುವ ವಯಸ್ಸಿನಲ್ಲಿ ಓದದೆ ಹೋದ ಮಗುವಿಗಾದ ನಷ್ಟವನ್ನು ತುಂಬಿಕೊಡಲು ಯಾವ ದಾನಿಗೂ ಸಾಧ್ಯವಿಲ್ಲ. ಬರುವ ಬೇಸಗೆಯ ರಜೆಯಿಂದಲೇ ಈ ಕಾರ್ಯ ಆರಂಭವಾಗಲಿ ಎಂದು ಹಾರೈಸುತ್ತೇನೆ.