ಒಂದೇ ದಿನ ಎರಡು ರಾಕ್ ಕಛೇರಿ

ಮೊದಲೇ ಹೇಳಿಬಿಡುತ್ತೇನೆ, ನಾನು ಸಂಗೀತ ಕಲಿತವನಲ್ಲ. ಇಂಡಿ ತಾಲೂಕಿನ ಒಂದು ಹಳ್ಳಿಯಲ್ಲಿ ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಈಗ ನೌಪಾಡಾದಲ್ಲಿ ಕಾಕಾನ ಮನೆಯಲ್ಲಿದ್ದು ಬಿ.ಕಾಂ. ಮಾಡುತ್ತಿರುವವನು. ಜಮಾ-ಖರ್ಚು ಅಷ್ಟಿಷ್ಟು ಗೊತ್ತು, ಸ್ವರ-ತಾಳ ಗೊತ್ತಿಲ್ಲ. ಆದರೂ ಈ ಲೇಖನ ಬರೆಯಲು ಕಾರಣ ನಮ್ಮ ಬಳಗದ ಕಳೆದ ಸಭೆ. ರಾಜ್ಯೋತ್ಸವಕ್ಕೆ ಈ ಸಲ ಒಂದು ಬ್ಯಾಂಡ್ ಕರೆಸೋಣ ಅಂತ ಯಾರೋ ಹಿಂದಿನ ಬೆಂಚಿನಿಂದ ಅಂದರು. ತಕ್ಷಣ ಹಿರಿಯ ಮಿತ್ರರೊಬ್ಬರು, "ರಾಕ್ ಅಂದ್ರೆ ಗದ್ದಲ. ಸಾಹಿತ್ಯಕ್ಕೂ ಅದಕ್ಕೂ ಏನ್ರೀ ಸಂಬಂಧ?" ಅಂದರು. ಮಾತು ಅಲ್ಲಿಗೇ ಬಿದ್ದುಹೋಯಿತು. ನಾನೂ ಸುಮ್ಮನಿದ್ದೆ. ಸುಮ್ಮನಿದ್ದದ್ದು ತಪ್ಪು ಅಂತ ಗೋಖಲೆ ರಸ್ತೆಯಲ್ಲಿ ನಡೆದು ಬರುವಾಗ ಅನಿಸಿತು. ಯಾಕಂದರೆ ನಮ್ಮ ಬಳಗದಲ್ಲಿ ಒಂದೇ ದಿನ ಎರಡು ರಾಕ್ ಕಛೇರಿ ಕೇಳಿ ಬಂದ ಮಹಾನುಭಾವ ಬಹುಶಃ ನಾನೊಬ್ಬನೇ.

ಅದು 2025ರ ಜನವರಿ 18, ಶನಿವಾರ. ಅಂದು ಸಂಜೆ ನವಿ ಮುಂಬಯಿಯ ನೆರೂಳಿನ ಡಿ.ವೈ. ಪಾಟೀಲ್ ಕ್ರೀಡಾಂಗಣದಲ್ಲಿ ಇಂಗ್ಲೆಂಡಿನ ಕೋಲ್ಡ್‌ಪ್ಲೇ ತಂಡದ ಮೊದಲ ದಿನದ ಕಾರ್ಯಕ್ರಮ. 18, 19, 21 ಹೀಗೆ ಮೂರು ದಿನ ಇತ್ತು. 2024ರ ಸೆಪ್ಟೆಂಬರ್‌ನಲ್ಲಿ ಟಿಕೆಟ್ ಮಾರಾಟ ಶುರುವಾದಾಗ ಒಂದು ಕೋಟಿ ಮೂವತ್ತು ಲಕ್ಷ ಜನ ಸರದಿಯಲ್ಲಿದ್ದರು ಅಂತ ಪತ್ರಿಕೆಗಳಲ್ಲಿ ಬಂದದ್ದು ನಿಮಗೆ ನೆನಪಿರಬಹುದು. ಬೇಡಿಕೆ-ಪೂರೈಕೆಯ ಪಾಠಕ್ಕೆ ನಮ್ಮ ಅರ್ಥಶಾಸ್ತ್ರದ ಮೇಷ್ಟ್ರು ಇದಕ್ಕಿಂತ ಒಳ್ಳೆಯ ಉದಾಹರಣೆ ಕೊಟ್ಟಿಲ್ಲ. ನನ್ನ ಸಹಪಾಠಿಯೊಬ್ಬ ಆ ಸರದಿಯಲ್ಲಿ ಕೂತು ನಾಲ್ಕು ಟಿಕೆಟ್ ಗಿಟ್ಟಿಸಿದ್ದ. ಕೊನೆಗೆ ಅವನ ಅತ್ತೆಯ ಮಗನಿಗೆ ಬರಲಾಗಲಿಲ್ಲ. ಮುಖಬೆಲೆ 2,500 ರೂಪಾಯಿಗೇ ಕೊಡ್ತೀನಿ ಅಂದ. ನಾನು ಸಂಜೆ ಒಂದು ಬಟ್ಟೆ ಅಂಗಡಿಯಲ್ಲಿ ಟ್ಯಾಲಿ ಎಂಟ್ರಿ ಮಾಡಿ ತಿಂಗಳಿಗೆ ನಾಲ್ಕು ಸಾವಿರ ಗಳಿಸುವವನು. ಕೊಟ್ಟೆ. ಕಾಕಾನಿಗೆ ಹೇಳಲಿಲ್ಲ.

ಅದೇ ದಿನ ಬೆಳಿಗ್ಗೆ ಠಾಣೆಯ ಒಂದು ಕಾಲೇಜಿನ ಉತ್ಸವದಲ್ಲಿ ಬ್ಯಾಂಡ್ ಸ್ಪರ್ಧೆ ಇತ್ತು. ಪ್ರವೇಶ ಉಚಿತ. ನೆರೂಳಿಗೆ ಹೋಗಲು ಮಧ್ಯಾಹ್ನದವರೆಗೆ ಹೊತ್ತಿತ್ತು, ಹೋದೆ. ಅಷ್ಟೇ. ಇದರಲ್ಲಿ ಯಾವ ಕಲಾಸಾಧನೆಯೂ ಇಲ್ಲ. ಒಂದೇ ದಿನ ಎರಡು ಕಛೇರಿ ಅಂದರೆ 1985ರ ಜುಲೈ 13ರಂದು ಇಂಗ್ಲೆಂಡಿನ ಫಿಲ್ ಕಾಲಿನ್ಸ್ ಮಾಡಿದ್ದು. ಇಥಿಯೋಪಿಯಾದ ಬರಗಾಲದ ನಿಧಿಗಾಗಿ ನಡೆದ 'ಲೈವ್ ಏಡ್'ನಲ್ಲಿ ಆತ ಲಂಡನ್ನಿನ ವೆಂಬ್ಲಿಯಲ್ಲಿ ಹಾಡಿ, ಕಾಂಕಾರ್ಡ್ ವಿಮಾನ ಹತ್ತಿ, ಅದೇ ದಿನ ಅಮೇರಿಕದ ಫಿಲಡೆಲ್ಫಿಯಾದಲ್ಲಿ ಇನ್ನೊಮ್ಮೆ ವೇದಿಕೆ ಏರಿದ. ನನ್ನ ಪಾಲಿನ ಕಾಂಕಾರ್ಡ್ ಠಾಣೆಯಿಂದ ಪನವೇಲ್ ಕಡೆ ಹೋಗುವ ಲೋಕಲ್. ಐರೋಳಿ, ರಬಾಳೆ, ಘನ್ಸೋಳಿ, ಕೋಪರ್‌ಖೈರಣೆ, ತುರ್ಭೆ ದಾಟಿ ನೆರೂಳ್. ಅದೂ ಬಾಗಿಲಲ್ಲಿ ಜೋತುಬಿದ್ದು.

ಬೆಳಗಿನದ್ದು ಹೇಳುತ್ತೇನೆ. ಹತ್ತಕ್ಕೆ ಅಂತ ಇದ್ದದ್ದು ಹನ್ನೊಂದೂವರೆಗೆ ಶುರುವಾಯಿತು. ಎಣಿಸಿದರೆ ಎಂಬತ್ತು ಜನ. ಅದರಲ್ಲಿ ಅರ್ಧ ಮಂದಿ ಬೇರೆ ಬ್ಯಾಂಡಿನವರು, ತಮ್ಮ ಸರದಿ ಕಾಯುತ್ತ ಕೂತವರು. ಮೈಕು ಕೀಂ ಅನ್ನುತ್ತಿತ್ತು. ಮೊದಲ ಮೂರು ತಂಡ ಇಂಗ್ಲಿಷಿನಲ್ಲಿ ಹಾಡಿದವು, ಒಂದು ಹಿಂದಿ. ಡ್ರಮ್ಮಿನ ಸದ್ದಿನಲ್ಲಿ ಯಾವುದು ಇಂಗ್ಲಿಷು, ಯಾವುದು ಹಿಂದಿ ಅಂತ ನನಗೆ ಬೋರ್ಡ್ ನೋಡಿಯೇ ಗೊತ್ತಾದದ್ದು. ಇಲ್ಲಿ ನಮ್ಮ ಹಿರಿಯ ಮಿತ್ರರ ಮಾತನ್ನು ಒಪ್ಪುತ್ತೇನೆ. ಗದ್ದಲವೇ.

ಐದನೆಯದು ನಾಲ್ಕು ಹುಡುಗರ ತಂಡ. ಹಾಡುವವನು ಅಕ್ಕಲಕೋಟ ಕಡೆಯವನಂತೆ, ಆಮೇಲೆ ಗೊತ್ತಾಯಿತು. ಗಿಟಾರ್ ಶುರುವಾಯಿತು, ಡ್ರಮ್ ಬಿತ್ತು, ನಾನು ಎದ್ದು ಹೊರಗೆ ಚಹಾಕ್ಕೆ ಹೋಗೋಣ ಅಂತಿದ್ದೆ. ಅಷ್ಟರಲ್ಲಿ ಕಿವಿಗೆ ಬಿದ್ದದ್ದು ಶಿಶುನಾಳ ಶರೀಫರ ಪದ! ಅದೇ, ಮನೆಯ ಮಾಳಿಗೆ ಸೋರುವ ಪದ. ನಮ್ಮೂರ ಗುಡಿಯಲ್ಲಿ ಸೋಮವಾರದ ಭಜನೆಗೆ ಏಕತಾರಿ, ದಮ್ಮಡಿ ಹಿಡಿದು ಹೇಳುತ್ತಿದ್ದದ್ದು. ಐದನೇ ಇಯತ್ತೆಯಲ್ಲಿ ನಮ್ಮ ಗುರುಗಳು ನಿಲ್ಲಿಸಿ ಕಂಠಪಾಠ ಮಾಡಿಸಿದ್ದು. ಠಾಣೆಯ ಆ ಸಭಾಂಗಣದಲ್ಲಿ, ಎಲೆಕ್ಟ್ರಿಕ್ ಗಿಟಾರಿನ ಮೇಲೆ!

ಎರಡನೇ ನುಡಿಗೆ ಬಂದಾಗ ಹುಡುಗ ಮರೆತ. ಗಿಟಾರಿನವನು ಅದೇ ತುಂಡನ್ನು ಎರಡು ಸಲ, ಮೂರು ಸಲ ಬಾರಿಸಿದ. ಹುಡುಗ ಕಣ್ಣು ಮುಚ್ಚಿ ನೆನಪು ಮಾಡಿಕೊಳ್ಳುತ್ತಿದ್ದಾನೆ, ಬರುತ್ತಿಲ್ಲ. ನಾನು ಮುಂದಿನ ಸಾಲಿನಲ್ಲೇ ಕೂತಿದ್ದೆ. ಅಲ್ಲಿ ಬೇರೆ ಯಾರೂ ಕೂತಿರಲಿಲ್ಲ. ಎದ್ದು ನಿಂತು ಆ ಸಾಲನ್ನು ಜೋರಾಗಿ ಹೇಳಿದೆ. ಹೇಗೆ ಹೇಳಿದೆನೋ ನನಗೇ ಗೊತ್ತಿಲ್ಲ, ಗುರುಗಳು ಬೆತ್ತ ಹಿಡಿದು ಎದುರಿಗೆ ನಿಂತಾಗ ಹೇಳುವ ಹಾಗೆ. ಅವನು ಅದನ್ನೇ ಹಿಡಿದುಕೊಂಡು ಮೇಲೆ ಹೋದ. ಎಂಬತ್ತು ಜನ ನನ್ನ ಕಡೆ ತಿರುಗಿ ನೋಡಿದರು. ಮೈ ಬೆವರಿತು. ಆ ತಂಡಕ್ಕೆ ಬಹುಮಾನ ಬರಲಿಲ್ಲ, ಕೊಟ್ಟ ಸಮಯ ಮೀರಿದರು ಅಂತ ಅಂಕ ಕಡಿದರು. ಹೊರಗೆ ಸಿಕ್ಕಾಗ ಆ ಹುಡುಗ, "ನೀವು ಯಾವ ಬ್ಯಾಂಡ್‌ನಾಗ ಇದ್ದೀರಿ?" ಅಂತ ಕೇಳಿದ. "ನಾ ಬಿ.ಕಾಂ.ನಾಗ ಇದ್ದೀನಿ" ಅಂದೆ.

ಇನ್ನು ಸಂಜೆಯದು. ಸುಳ್ಳು ಹೇಳುವುದಿಲ್ಲ, ಬೆರಗಾದೆ. ಅರ್ಧ ಲಕ್ಷದ ಆಸುಪಾಸು ಜನ. ಒಳಗೆ ಹೋಗುವಾಗ ಪ್ರತಿಯೊಬ್ಬರ ಮಣಿಕಟ್ಟಿಗೂ ಒಂದು ಪಟ್ಟಿ ಕೊಡುತ್ತಾರೆ, ಕತ್ತಲಾದ ಮೇಲೆ ಹಾಡಿಗೆ ತಕ್ಕಂತೆ ಎಲ್ಲರ ಕೈಯೂ ಒಟ್ಟಿಗೆ ಬಣ್ಣ ಬದಲಿಸುತ್ತದೆ. ನಮ್ಮ ಕೈಗೆ ದೀಪ ಕಟ್ಟಿ ನಮ್ಮನ್ನೇ ರಂಗಸಜ್ಜಿಕೆ ಮಾಡಿಬಿಟ್ಟಿದ್ದಾರೆ ಅಂತ ಒಂದು ಗಳಿಗೆ ಅನಿಸಿತು. ಹೋಗುವಾಗ ಪಟ್ಟಿ ವಾಪಸು ಕೊಡಬೇಕು. ಗಾಯಕ ಕ್ರಿಸ್ ಮಾರ್ಟಿನ್ ಹಿಂದಿಯಲ್ಲಿ ನಾಲ್ಕು ಮಾತು ಆಡಿದಾಗ ಜನ ಕಿವಿ ಕಿತ್ತುಹೋಗುವಂತೆ ಕೂಗಿದರು. (ಕೋಲ್ಡ್‌ಪ್ಲೇಯದು ರಾಕ್ ಅಲ್ಲವೇ ಅಲ್ಲ, ಬರೀ ಪಾಪ್ ಅಂತ ನನ್ನ ಸಹಪಾಠಿಗಳಲ್ಲಿ ಒಂದು ಪಂಗಡವಿದೆ. ನವ್ಯವೋ ನವೋದಯವೋ ಅಂತ ನಾವು ಜಗಳಾಡುವ ಹಾಗೇ ಅವರೂ ಜಗಳಾಡುತ್ತಾರೆ. ಬಿಡಿ.)

ನನ್ನನ್ನು ಕಾಡಿದ್ದು ದೀಪವೂ ಅಲ್ಲ, ಸದ್ದೂ ಅಲ್ಲ. ಅಲ್ಲಿ ಗಾಯಕ ಹಾಡು ಎತ್ತಿಕೊಟ್ಟು ಮೈಕನ್ನು ಜನರ ಕಡೆ ಹಿಡಿದರೆ, ಅಷ್ಟೂ ಜನ ಪೂರಾ ಹಾಡನ್ನು ಹೇಳುತ್ತಿದ್ದರು. ಪುಸ್ತಕವಿಲ್ಲ, ಚೀಟಿ ಇಲ್ಲ. ನನ್ನ ಪಕ್ಕದಲ್ಲಿದ್ದ ಸಹಪಾಠಿ, ಕಾಲೇಜಿನಲ್ಲಿ ಒಂದು ಪ್ಯಾರಾ ಓದಿ ಹೇಳು ಅಂದರೆ ತಡವರಿಸುವವನು, ಒಂದೂ ತಪ್ಪಿಲ್ಲದೆ ಹಾಡುತ್ತಿದ್ದ. ಅಷ್ಟು ದೊಡ್ಡ ಕಂಠಪಾಠವನ್ನು ನಾನು ನೋಡಿರಲಿಲ್ಲ. ನಾನು ಮಾತ್ರ ಬಾಯಿ ಅಲ್ಲಾಡಿಸುತ್ತ ನಿಂತಿದ್ದೆ. ಪದಗಳು ನನಗೆ ಬರುತ್ತಿರಲಿಲ್ಲ. ಯಾರಾದರೂ ಗಮನಿಸಿಯಾರು ಅಂತ ನಾಚಿಕೆ ಬೇರೆ. ಬೆಳಿಗ್ಗೆ ಎಂಬತ್ತು ಜನರಲ್ಲಿ ಹಾಡು ಗೊತ್ತಿದ್ದವನು ನಾನೊಬ್ಬನೇ. ಸಂಜೆ ಐವತ್ತು ಸಾವಿರದಲ್ಲಿ ಗೊತ್ತಿಲ್ಲದವನು ನಾನೊಬ್ಬನೇ ಅನ್ನಿಸಿತು.

ರಾತ್ರಿ ಮನೆ ಮುಟ್ಟಿದಾಗ ಹನ್ನೆರಡೂವರೆ. ಕಾಕಾ ಎದ್ದೇ ಇದ್ದ. ಅವನಿಗೆ ಸುದ್ದಿ ಹೇಗೋ ಮುಟ್ಟಿತ್ತು. ಬೈಯ್ಯಲಿಲ್ಲ. "ಎರಡೂವರೆ ಸಾವಿರ ಕೊಟ್ಟು ಏನ್ ಕೇಳಿ ಬಂದಿಯೋ ತಮ್ಮಾ? ಒಂದು ಸಾಲು ಅನ್ನು, ನಾನೂ ಕೇಳ್ತೀನಿ" ಅಂದ. ನನ್ನ ಕಿವಿ ಇನ್ನೂ ಗುಂಯ್ ಅನ್ನುತ್ತಿತ್ತು. ಒಂದು ಸಾಲೂ ಬಾಯಿಗೆ ಬರಲಿಲ್ಲ. ಬೆಳಗಿನ ಸಂಗತಿ ಹೇಳಿದೆ. ಕಾಕಾ ಹಾಸಿಗೆಯ ಮೇಲೆ ಎದ್ದು ಕೂತು ಶರೀಫರ ಪದವನ್ನು ಕೊನೆಯವರೆಗೆ ಹೇಳಿದ, ನನಗೆ ಮರೆತಿದ್ದ ಒಂದು ನುಡಿಯನ್ನೂ ಸೇರಿಸಿ. ಕಾಕಾ ಓದಿದ್ದು ಏಳನೇ ಇಯತ್ತೆ.

ಗೆಳೆಯರೇ, ನನ್ನ ವಾದ ಇಷ್ಟೇ. ಶರೀಫರು 1819ರಿಂದ 1889ರವರೆಗೆ ಬದುಕಿದವರು. ಅವರ ಪದ ಅಚ್ಚಿಗೆ ಹೋಗುವ ಮೊದಲೇ ಜನರ ಬಾಯಲ್ಲಿ ಬದುಕಿತ್ತು. ಆಮೇಲೂ ಅದನ್ನು ಬದುಕಿಸಿದ್ದು ಬರೀ ಪುಸ್ತಕವಲ್ಲ, ಸಿ. ಅಶ್ವತ್ಥ್ ಅವರ ಕಂಠ. 1990ರ 'ಸಂತ ಶಿಶುನಾಳ ಶರೀಫ' ಚಿತ್ರದ ಹಾಡು ನಮ್ಮೂರ ಚಹಾ ಅಂಗಡಿಯಲ್ಲಿ ಈಗಲೂ ಕೇಳುತ್ತದೆ. 2008ರಲ್ಲಿ ರಘು ದೀಕ್ಷಿತ್ ತಮ್ಮ ಮೊದಲ ಆಲ್ಬಂ ತಂದ ಮೇಲೆ ಲುಂಗಿ ಉಟ್ಟು, ಗೆಜ್ಜೆ ಕಟ್ಟಿ, ಗಿಟಾರ್ ಹಿಡಿದು ಶರೀಫರನ್ನು ಪರದೇಶಕ್ಕೂ ಒಯ್ದರು. ನಿಸಾರ್ ಅಹಮದರ 'ನಿತ್ಯೋತ್ಸವ' 1978ರಲ್ಲಿ ಮೈಸೂರು ಅನಂತಸ್ವಾಮಿಯವರ ಸಂಗೀತದಲ್ಲಿ ಕ್ಯಾಸೆಟ್ ಆಗಿ ಬಂದಾಗಲೂ, ಕವಿತೆಯನ್ನು ಕ್ಯಾಸೆಟ್ ಮಾಡುವುದೇ ಅಂತ ಮೂಗು ಮುರಿದವರು ಇದ್ದಿರಬೇಕು. ದಲಿತ ಚಳವಳಿಯಲ್ಲಿ ಸಿದ್ಧಲಿಂಗಯ್ಯನವರ ಪದಗಳನ್ನು ಬೀದಿಯಲ್ಲಿ ಹಾಡಿದವರು ಅದು ಸಾಹಿತ್ಯವೋ ಗದ್ದಲವೋ ಅಂತ ಕೇಳಿಕೊಳ್ಳುತ್ತ ಕೂರಲಿಲ್ಲ. ನಾವಿರುವ ಊರನ್ನೇ ನೋಡಿ. ವಾರಕರಿಗಳಿಗೆ ಅಭಂಗ ಬಾಯಿಪಾಠ. ಗದಗ ಸೀಮೆಯಿಂದ ಬಂದ ಭೀಮಸೇನ ಜೋಶಿಯವರು ಮರಾಠಿ ಅಭಂಗಗಳ 'ಸಂತವಾಣಿ' ಹಾಡಿದರೆ ಇಲ್ಲಿಯ ಜನ ಅವರನ್ನು ತಮ್ಮವರೇ ಅಂದುಕೊಂಡರು. ಹಾಡು ಮೊದಲೇ ಜನರ ಒಳಗಿತ್ತು.

ನಮ್ಮ ಬಳಗದಲ್ಲಿ ಏನು ನಡೆಯುತ್ತದೆ? ಕಳೆದ ಕವಿಗೋಷ್ಠಿಯಲ್ಲಿ ಒಂಬತ್ತು ಕವಿಗಳು, ಹದಿನಾಲ್ಕು ಕೇಳುಗರು. ಒಂಬತ್ತು ಜನರೂ ಕವಿತೆಯನ್ನು ಹಾಳೆ ನೋಡಿ, ಕೆಲವರು ಮೊಬೈಲ್ ನೋಡಿ ಓದಿದರು. ತಾನೇ ಬರೆದ ಹನ್ನೆರಡು ಸಾಲು ಕವಿಗೇ ಬಾಯಿಗೆ ಬರದಿದ್ದರೆ ಕೇಳಿದವನಿಗೆ ಹೇಗೆ ಬರಬೇಕು? ನಾನೂ ಆ ಒಂಬತ್ತರಲ್ಲಿ ಒಬ್ಬ, ಆದ್ದರಿಂದ ಯಾರೂ ಸಿಟ್ಟಾಗಬಾರದು. ಕನ್ನಡ ಉಳಿಯಬೇಕು, ಬೆಳೆಯಬೇಕು ಅಂತ ಪ್ರತಿ ನವೆಂಬರ್ ಒಂದಕ್ಕೆ ಭಾಷಣ ಮಾಡುತ್ತೇವೆ. ಠಾಣೆ, ಡೊಂಬಿವಲಿ, ಕಲ್ಯಾಣದಲ್ಲಿ ಹುಟ್ಟಿ ಬೆಳೆದ ನಮ್ಮ ಗೆಳೆಯರಿಗೆ ಕನ್ನಡ ಮಾತು ಬರುತ್ತದೆ, ಅಕ್ಷರ ಬರುವುದಿಲ್ಲ. ಅವರಿಗೆ ಈ ಪತ್ರಿಕೆಯನ್ನು ಕೊಟ್ಟರೆ ಮಡಚಿ ಇಟ್ಟುಕೊಳ್ಳುತ್ತಾರೆ, ಮರ್ಯಾದೆಗೆ. ಹಾಡು ಕೊಟ್ಟರೆ ಮಡಚಿ ಇಡಲು ಆಗುತ್ತದೆಯೇ?

ಹಾಗಂತ ನೆರೂಳಿನ ಜಾತ್ರೆಯನ್ನು ಇಲ್ಲಿಗೆ ತನ್ನಿ ಅಂತ ನಾನು ಹೇಳುತ್ತಿಲ್ಲ. ನಮ್ಮ ಖಜಾಂಚಿಯ ಪುಸ್ತಕ ನಾನೇ ಬರೆಯುವುದು, ಅದರಲ್ಲಿ ಎಷ್ಟಿದೆ ಗೊತ್ತು. ಸದ್ದಿನ ಬಗ್ಗೆಯೂ ಹಿರಿಯರ ದೂರು ನ್ಯಾಯವೇ. ಡ್ರಮ್ಮಿಗಿಂತ ಶಬ್ದ ಕೆಳಗೆ ಬಿದ್ದರೆ ಅದು ಶರೀಫರಾದರೂ ಅಷ್ಟೇ, ಇನ್ನೊಬ್ಬರಾದರೂ ಅಷ್ಟೇ. ಬೆಳಿಗ್ಗೆ ಎಂಬತ್ತು ಜನ ಸುಮ್ಮನೆ ಕೂತಿದ್ದು ಕನ್ನಡ ಬಾರದ್ದಕ್ಕೆ ಮಾತ್ರವಲ್ಲ, ಆ ಮೈಕಿನಲ್ಲಿ ಪದ ಕೇಳಿಸುತ್ತಲೇ ಇರಲಿಲ್ಲ. ಮೈಕು ಸರಿ ಮಾಡೋಣ, ಡ್ರಮ್ಮಿನವನಿಗೆ ಕೈ ಹಿಡಿದು ಬಾರಿಸು ಅನ್ನೋಣ.

ನಾನು ಕೇಳುವುದು ರಾಜ್ಯೋತ್ಸವದಲ್ಲಿ ಅರ್ಧ ಗಂಟೆ. ಆ ಅಕ್ಕಲಕೋಟದ ಹುಡುಗನ ನಂಬರು ನನ್ನ ಹತ್ತಿರ ಇದೆ, ಬಸ್ಸಿನ ಖರ್ಚು ಕೊಟ್ಟರೆ ನಾಲ್ವರೂ ಬರುತ್ತಾರೆ. ಮೂರು ಹಾಡು ಸಾಕು. ಆ ಮೂರರ ಪದಗಳನ್ನು ಅಕ್ಟೋಬರ್ ಸಂಚಿಕೆಯಲ್ಲಿ ಒಂದು ಹಾಳೆ ಹಾಕೋಣ, ಅಕ್ಷರ ಬಾರದವರಿಗೆ ಬಂದವರು ಹೇಳಿಕೊಡಲಿ. ಕವಿಗೋಷ್ಠಿಯ ಸಮಯ ಕಡಿತ ಆಗುತ್ತದೆ ಅನ್ನುವುದಾದರೆ ನನ್ನ ಕವಿತೆಯ ಐದು ನಿಮಿಷ ಮೊದಲು ತೆಗೆದುಕೊಳ್ಳಿ. ಬರುವ ಶನಿವಾರದ ಸಭೆಯಲ್ಲಿ ಸೂಚನೆಯನ್ನು ನಾನೇ ಮಂಡಿಸುತ್ತೇನೆ. ಅನುಮೋದಿಸಲು ಒಬ್ಬರು ಬೇಕು.