ಸೇಡಂ ರೈತನ ಕೋವಿ ಅರ್ಜಿ

ತೊಗರಿ ಕಾಯಿ ಕಟ್ಟುವ ಹೊತ್ತಿಗೆ ಸೇಡಂ, ಚಿತ್ತಾಪುರ, ಚಿಂಚೋಳಿಯ ರೈತರಿಗೆ ರಾತ್ರಿ ಪಾಳಿ ಶುರು. ಹಗಲೆಲ್ಲ ವಾಡಿಯ ಸಿಮೆಂಟ್ ಕಾರ್ಖಾನೆಯಲ್ಲೋ ಶಹಾಬಾದಿನ ಕಲ್ಲುಗಣಿಯಲ್ಲೋ ದುಡಿದವರೂ ಬ್ಯಾಟರಿ ಹಿಡಿದು ಕಾಡುಹಂದಿ ನುಗ್ಗದಂತೆ ಹೊಲ ಕಾಯಬೇಕು. ಕೊಡಗಿನವರು ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳಬಹುದಾದರೆ ನಮಗೇಕಿಲ್ಲ ಎಂಬ ಪ್ರಶ್ನೆ ಇಲ್ಲಿ ಏಳುವುದು ಸಹಜ.

ಕೊಡಗಿನ ಕಥೆಯೇ ಬೇರೆ. ಬ್ರಿಟಿಷರಿಗೆ ತೋರಿದ ನಿಷ್ಠೆಯನ್ನು ಮೆಚ್ಚಿ 1861ರ ಫೆಬ್ರುವರಿಯಲ್ಲಿ ಬ್ರಿಟಿಷ್ ಕಮಿಷನರ್ ಮಾರ್ಕ್ ಕಬ್ಬನ್ ಕೊಡವರನ್ನು ನಿಶ್ಶಸ್ತ್ರೀಕರಣ ಕಾಯ್ದೆಯಿಂದ ಹೊರಗಿಟ್ಟ. ಸ್ವತಂತ್ರ ಭಾರತವೂ 1959ರ ಶಸ್ತ್ರಾಸ್ತ್ರ ಕಾಯ್ದೆಯ 41ನೇ ಕಲಮಿನಡಿ ಕೊಡವರಿಗೆ ಮತ್ತು ಅಲ್ಲಿನ ವಂಶಪಾರಂಪರ್ಯ ಜಮ್ಮಾ ಭೂಮಿಯ ಹಿಡುವಳಿದಾರರಿಗೆ ವಿನಾಯಿತಿ ಕೊಟ್ಟಿತು. 2019ರಲ್ಲಿ ಕೇಂದ್ರ ಅದನ್ನು ಹತ್ತು ವರ್ಷ ವಿಸ್ತರಿಸಿತು. ಹೈಕೋರ್ಟ್ 2021ರಲ್ಲಿ ಈ ವಿನಾಯಿತಿಯನ್ನು ಎತ್ತಿಹಿಡಿಯಿತು. ಕೋವಿಗೆ ಪೂಜೆ ಸಲ್ಲುವ ಕೈಲ್ ಪೊಳ್ದ್ ಹಬ್ಬವಿರುವ ಆ ನಾಡಿನಲ್ಲಿ ಇದನ್ನು ಕಾಯುವ ಸಂಘಟನೆಗಳಿವೆ. ಆದರೂ ಅದು ದೊರೆಯ ಕೃಪೆಯಿಂದ ಹುಟ್ಟಿದ ರಿಯಾಯಿತಿ, ಅವಧಿ ಮುಗಿದಾಗಲೆಲ್ಲ ಮತ್ತೆ ಬೇಡಬೇಕಾದದ್ದು. ಎಲ್ಲರಿಗೂ ಮಾದರಿಯಾಗಲಾರದು.

ಹಾಗಾದರೆ ಎಲ್ಲ ಪ್ರಜೆಗಳಿಗೂ ಹಕ್ಕೇ ಇರಲಿ ಎಂದು ಕೇಳಿದವರಿಲ್ಲವೇ? 1931ರ ಕರಾಚಿ ಕಾಂಗ್ರೆಸ್ ನಿರ್ಣಯದಲ್ಲಿ, ನಿಯಮಗಳಿಗೆ ಒಳಪಟ್ಟು, ಆಯುಧ ಹೊಂದುವ ಹಕ್ಕೂ ಸೇರಿತ್ತು. ಅದನ್ನು ಸಂವಿಧಾನದಲ್ಲಿ ಬರೆಯಬೇಕೆಂದು 1948ರ ಡಿಸೆಂಬರಿನಲ್ಲಿ ಸಂವಿಧಾನ ಸಭೆಯಲ್ಲಿ ತಿದ್ದುಪಡಿ ತಂದವರು ಮಂಗಳೂರಿನಲ್ಲಿ ಹುಟ್ಟಿದ ಎಚ್.ವಿ. ಕಾಮತ್. ಕಳ್ಳರು, ದರೋಡೆಕೋರರು ಕೂಡ ಇದೇ ಹಕ್ಕು ಕೇಳಿಯಾರು ಎಂಬ ಅರ್ಥದಲ್ಲಿ ಅಂಬೇಡ್ಕರ್ ಉತ್ತರಿಸಿದರು. ತಿದ್ದುಪಡಿ ಬಿದ್ದುಹೋಯಿತು.

ಆ ಚರ್ಚೆಗೆ ಸುಮಾರು ಎರಡೂವರೆ ತಿಂಗಳು ಮೊದಲಷ್ಟೇ, ಸೆಪ್ಟೆಂಬರ್ 17ರಂದು, ನಮ್ಮ ಸೀಮೆ ಸೇರಿದ್ದ ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಶರಣಾಗಿತ್ತು. ನಿಜಾಮನ ಪರ ಬಂದೂಕು ಹಿಡಿದಿದ್ದ ರಜಾಕಾರರ ಹಾವಳಿ ಕಂಡ ನಮ್ಮ ಹಿರಿಯರಿಗೆ, ಸರ್ಕಾರ ಕಣ್ಣುಮುಚ್ಚಿದಾಗ ಬಂದೂಕು ಯಾರ ಕೈಗೆ ಹೋಗುತ್ತದೆಂದು ಯಾರೂ ಹೇಳಿಕೊಡಬೇಕಿರಲಿಲ್ಲ. ಅಂಬೇಡ್ಕರ್ ಉತ್ತರ ನಮ್ಮ ಸೀಮೆಗಂತೂ ಸರಿಯಾಗಿಯೇ ಇತ್ತೆಂದು ನನ್ನ ಅಭಿಪ್ರಾಯ.

ಆದರೆ ರೈತನ ಕೈ ಖಾಲಿಯೇನಲ್ಲ. ಬೆಳೆ ರಕ್ಷಣೆಗೆ ನಳಿಗೆಯ ಬಾಯಿಂದ ಮದ್ದು ತುಂಬುವ ಕೋವಿ ಕೇಳಿದರೆ, ನಿರಾಕರಿಸಲು ಕಾನೂನುಬದ್ಧ ಕಾರಣವಿಲ್ಲದಿದ್ದರೆ, ಪ್ರಾಧಿಕಾರ ಲೈಸೆನ್ಸ್ ಕೊಡತಕ್ಕದ್ದು ಎನ್ನುತ್ತದೆ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಕಲಮು. ‘ಕೊಡಬಹುದು’ ಎಂದಿಲ್ಲ. 14ನೇ ಕಲಮು ಇನ್ನೂ ಸ್ವಾರಸ್ಯದ್ದು: ಸಾಕಷ್ಟು ಆಸ್ತಿಯಿಲ್ಲ ಎಂಬ ಒಂದೇ ಕಾರಣಕ್ಕೆ ಅರ್ಜಿ ತಿರಸ್ಕರಿಸುವಂತಿಲ್ಲ, ತಿರಸ್ಕರಿಸಿದರೆ ಕಾರಣ ಬರೆದಿಡಬೇಕು. ಅದರ ಮೇಲೆ ಮೇಲ್ಮನವಿಗೂ ಅವಕಾಶವಿದೆ. ಎರಡೆಕರೆಯವನಿಗೂ ಇನ್ನೂರು ಎಕರೆಯ ಗೌಡರಿಗೂ ಒಂದೇ ಕಾನೂನು. ಮದುವೆ ಮೆರವಣಿಗೆಯಲ್ಲಿ ಅಜಾಗರೂಕತೆಯಿಂದ ಗುಂಡು ಹಾರಿಸಿ ಪರರ ಜೀವಕ್ಕೆ ಅಪಾಯ ತರುವವರಿಗೆ ಮಾತ್ರ 2019ರ ತಿದ್ದುಪಡಿ ಎರಡು ವರ್ಷದವರೆಗೆ ಜೈಲು ತೋರಿಸಿದೆ. ಅದೂ ಸರಿಯೇ.

ಕೋವಿ ಬಂದರೆ ಹಂದಿ ಹೋಯಿತೆಂದೇನೂ ಅಲ್ಲ. ವನ್ಯಜೀವಿ ಕಾಯ್ದೆಯ ಪ್ರಕಾರ ಬೆಳೆ ತಿನ್ನುವ ಹಂದಿಗೂ ಗುಂಡು ಹೊಡೆಯಲು ಅರಣ್ಯಾಧಿಕಾರಿಯ ಲಿಖಿತ ಅನುಮತಿ ಬೇಕು. ಕೃಷ್ಣಮೃಗವಂತೂ ಅದೇ ಕಾಯ್ದೆಯ ಮೊದಲ ಅನುಸೂಚಿಯ ಪ್ರಾಣಿ. ಬೆಳೆ ಮೇಯ್ದಿತೆಂದು ಅದನ್ನು ಕೊಲ್ಲಲು ಅನುಮತಿಯೇ ಸಿಗದು. ಚಿಂಚೋಳಿ ವನ್ಯಜೀವಿಧಾಮದ ಅಂಚಿನ ಹಳ್ಳಿಗಳಿಗೆ ಕೋವಿಗಿಂತ ಬೇಲಿಯೂ ಬೇಗ ಕೈಸೇರುವ ಬೆಳೆ ಪರಿಹಾರವೂ ಹೆಚ್ಚು ಉಪಯೋಗಕ್ಕೆ ಬರುತ್ತವೆ.

ಇಲ್ಲಿ ರಾಜಕೀಯ ಬೇಕಿರುವುದು ಲೈಸೆನ್ಸ್ ಮತ್ತು ಪರಿಹಾರದ ಕಡತಗಳ ಮೇಲೆ. ಶಾಸಕರು ತಮ್ಮವರಿಗೆ ಶಿಫಾರಸು ಪತ್ರ ಕೊಡುವುದನ್ನು ಬಿಟ್ಟು, ಬೆಳೆ ರಕ್ಷಣೆಗೆ ಎಷ್ಟು ಅರ್ಜಿ ಬಂದವು, ಎಷ್ಟು ತಿರಸ್ಕಾರವಾದವು, ಯಾವ ಕಾರಣಕ್ಕೆ, ಬೆಳೆ ಪರಿಹಾರ ಎಷ್ಟು ಬಾಕಿ ಎಂದು ಅಧಿಕಾರಿಗಳ ಪ್ರಗತಿ ಪರಿಶೀಲಿಸುವ ಕೆಡಿಪಿ ಸಭೆಯಲ್ಲಿ ಕೇಳಲಿ. ಮುಂದಿನ ಸಭೆಗೆ ಮೊದಲು ನಿಮ್ಮ ಶಾಸಕರಿಗೆ ಇದನ್ನು ನೆನಪಿಸಿ.